ಯುರೇನಿಯಂ ಉಪಯೋಗ, ಅಪಾಯ: ವಿಕಿರಣ ಸುರಕ್ಷತಾಧಿಕಾರಿ ಜೊತೆ ಪ್ರಶ್ನೋತ್ತರ

ಅಡ್ಮಿನ್: ಯುರೇನಿಯಂ ಬಳಸಬೇಕೋ ಬೇಡವೋ ಅಂತ ಗುಂಪಿನಲ್ಲಿ ವಾರದಿಂದ ಮಾತು ನಡೀತಿದೆ. ವಿಕಿರಣ ಸುರಕ್ಷತಾಧಿಕಾರಿಯಾಗಿ ಕೆಲಸ ಮಾಡುವ ಮೇಡಂ ಇವತ್ತು ಉತ್ತರ ಕೊಡೋಕೆ ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬಾನಾಡಿ: ನಮಸ್ಕಾರ ಮೇಡಂ. ಇಷ್ಟೆಲ್ಲ ಅಪಾಯ ಅಂತ ಗೊತ್ತಿದ್ದೂ ಜಗತ್ತು ಯುರೇನಿಯಂ ಕೈಬಿಡ್ತಿಲ್ಲ ಯಾಕೆ?

ಮೇಡಂ: ನಮಸ್ಕಾರ. ಅದರ ಒಡಲಲ್ಲಿರೋ ಶಕ್ತಿಗಾಗಿ. ಸ್ಥಾವರಕ್ಕೆ ಹಾಕುವ ಇಂಧನದ ಗುಳಿಗೆ ಬರೀ ಒಂದು ಸೆಂಟಿಮೀಟರ್ ಆಸುಪಾಸಿನದು. ಅಂಥ ಒಂದು ಗುಳಿಗೆಯ ಶಾಖ ಬೇಕಾದರೆ ಹೆಚ್ಚುಕಡಿಮೆ ಒಂದು ಟನ್ ಕಲ್ಲಿದ್ದಲು ಸುಡಬೇಕು. ಹೊಗೆಯೂ ಇಲ್ಲ. ಗಣಿಯಿಂದ ಹಿಡಿದು ಸ್ಥಾವರ ಕೆಡವೋವರೆಗೆ ಎಲ್ಲ ಲೆಕ್ಕ ಹಾಕಿದರೂ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 12 ಗ್ರಾಂ ಇಂಗಾಲದ ಡೈಆಕ್ಸೈಡ್, ಕಲ್ಲಿದ್ದಲಿಗೆ 820 ಗ್ರಾಂ. ಇದು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2014ರ ವರದಿಯ ಮಧ್ಯಮ ಅಂದಾಜು.

ಆಸ್ಪತ್ರೆಯ ವಿಷಯ ಮಾತ್ರ ಯಾರೂ ಎತ್ತಲ್ಲ. ಹೃದಯದ್ದು, ಮೂಳೆಯದ್ದು ಸ್ಕ್ಯಾನ್ ಮಾಡುವಾಗ ಚುಚ್ಚುವ, ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಹುಟ್ಟೋದು ಮಾಲಿಬ್ಡಿನಂ-99ರಿಂದ. ಆ ಮಾಲಿಬ್ಡಿನಂ ಹೆಚ್ಚಿನಂಶ ಸಿಗೋದು ರಿಯಾಕ್ಟರ್‌ನಲ್ಲಿ ಯುರೇನಿಯಂ-235, ಅಂದ್ರೆ ಯುರೇನಿಯಂನ ಸುಲಭವಾಗಿ ಒಡೆಯುವ ಬಗೆ, ಒಡೆದಾಗ. ಟೆಕ್ನೀಷಿಯಂನ ಅರ್ಧಾಯು, ಅಂದ್ರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸೋಕೆ ಬೇಕಾದ ಕಾಲ, 6 ಗಂಟೆ, ಕೂಡಿಡೋ ಮಾತೇ ಇಲ್ಲ. ಕೆಲವೇ ಕೆಲವು ರಿಯಾಕ್ಟರ್‌ಗಳು ಇದನ್ನ ಮಾಡೋದ್ರಿಂದ ಒಂದೆರಡು ನಿಂತರೂ ಎಷ್ಟೋ ದೇಶಗಳಲ್ಲಿ ಸ್ಕ್ಯಾನ್ ಮುಂದಕ್ಕೆ ಹೋಗುತ್ತೆ.

ಮುಂಗಾರು: ನಮ್ಮ ಬೋರ್‌ವೆಲ್ ನೀರಿನ ಲ್ಯಾಬ್ ರಿಪೋರ್ಟ್‌ನಲ್ಲಿ ಯುರೇನಿಯಂ ಲೀಟರಿಗೆ 48 ಮೈಕ್ರೋಗ್ರಾಂ ಅಂತ ಬಂದಿದೆ. ಕುದಿಸಿ ಕುಡಿದರೆ ಸಾಕಲ್ವಾ?

ಮೇಡಂ: ಸಾಲದು. ಕುದಿಸಿದರೆ ಆವಿಯಾಗೋದು ನೀರು, ಯುರೇನಿಯಂ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಾರ್ಗಸೂಚಿ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಈ ಮಿತಿಯನ್ನ ವಿಕಿರಣಕ್ಕೆ ಹೆದರಿ ಇಟ್ಟಿದ್ದಲ್ಲ. ಕರಗಿದ ಯುರೇನಿಯಂ ಒಂದು ಭಾರಲೋಹ, ಅದರ ಏಟು ಬೀಳೋದು ಕಿಡ್ನಿಗೆ. ಕುಡಿಯೋಕೆ, ಅಡುಗೆಗೆ ಆರ್‌ಒ ನೀರು ಬಳಸಿ, ಫಿಲ್ಟರ್ ಹಾಕಿಸಿದ ಮೇಲೆ ಅದರಿಂದ ಬಂದ ನೀರನ್ನ ಮತ್ತೆ ಪರೀಕ್ಷೆಗೆ ಕೊಡಿ. ಟಿಡಿಎಸ್ ಮೀಟರ್ ಯುರೇನಿಯಂ ತೋರಿಸಲ್ಲ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರೇ ಆಗುತ್ತೆ, ಚರ್ಮದ ಮೂಲಕ ಒಳಗೆ ಹೋಗೋದು ತೀರಾ ಕಮ್ಮಿ.

ಸಂಜೆಮಲ್ಲಿಗೆ: ಮೇಡಂ, ಬೇರೆ ಗುಂಪಿನಲ್ಲಿ ಬಂತು: "ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಡುಗೆ ಸೋಡಾ ನೀರು ಕುಡಿಯಿರಿ, ಯುರೇನಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ದೊಡ್ಡ ದೊಡ್ಡ ವೈದ್ಯರೇ ಹೇಳಿದ್ದಾರೆ, 10 ಜನಕ್ಕೆ ಕಳಿಸಿ." ನಿಜವಾ?

ಮೇಡಂ: ಯಾರಿಗೂ ಕಳಿಸಬೇಡಿ. ಇದರಲ್ಲಿ ಒಂದೆಳೆ ನಿಜ ಇದೆ, ಜನ ಮೋಸ ಹೋಗೋದೂ ಅದಕ್ಕೇ. ಅವಘಡದಲ್ಲಿ ಯುರೇನಿಯಂ ಮೈಯೊಳಗೆ ಸೇರಿದವರಿಗೆ ವೈದ್ಯರು ಸೋಡಿಯಂ ಬೈಕಾರ್ಬನೇಟ್ ಕೊಡೋದುಂಟು. ಅದು ಯುರೇನಿಯಂ ಜೊತೆ ಕೂಡಿಕೊಂಡು ಮೂತ್ರದಲ್ಲಿ ಹೊರಹಾಕೋಕೆ ನೆರವಾಗುತ್ತೆ. ಆದರೆ ಅದು ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆ ಮಾಡ್ತಾ ಮಾಡ್ತಾ ಕೊಡುವ ಚಿಕಿತ್ಸೆ. ಮನೆಯಲ್ಲಿ ದಿನಾ ಸೋಡಾ ಕುಡಿದರೆ ಸೋಡಿಯಂ ಏರುತ್ತೆ, ರಕ್ತದ ಕ್ಷಾರ ಏರುಪೇರಾಗುತ್ತೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರೋರಿಗೆ ಇದು ನೇರ ಅಪಾಯ. ಯುರೇನಿಯಂಗೆ ಹೆದರಿ ಕಿಡ್ನಿ ಕೆಡಿಸಿಕೊಳ್ಳಬೇಡಿ.

ಕಲ್ಲುಹೂವು: ಮೇಡಂ, ನಮ್ಮ ಮಾವ ಭೂವಿಜ್ಞಾನಿ ಆಗಿದ್ರು. ಅವರು ತೀರಿಕೊಂಡ ಮೇಲೆ ಅವರ ಕಲ್ಲುಗಳ ಸಂಗ್ರಹ ನಮ್ಮನೆಗೆ ಬಂತು. ಗಾಜಿನ ಬಾಗಿಲಿನ ಕಪಾಟು, ಮಗಳು ಓದಿ ಮಲಗೋ ಕೋಣೆಯಲ್ಲೇ ಇದೆ. ಕೆಲವು ಕಲ್ಲು ಹಳದಿ ಹಸಿರು, ತೆಳ್ಳಗೆ ಹಾಳೆ ಹಾಳೆಯಾಗಿವೆ, ಯುವಿ ಟಾರ್ಚ್ ಹಿಡಿದರೆ ಜಗಜಗ ಹೊಳೀತವೆ. ಚೀಟಿಯಲ್ಲಿ "ಆಟುನೈಟ್" ಅಂತಿದೆ. ಅಡಿಯ ಹತ್ತಿ ಮೇಲೆ ಹಳದಿ ಪುಡಿ ಉದುರಿದೆ. ಇನ್ನೊಂದು ಕಪ್ಪು ಕಲ್ಲು, ಗಾತ್ರಕ್ಕೆ ಮೀರಿದ ಭಾರ, ಅದರ ಚೀಟಿ ಅಳಿಸಿಹೋಗಿದೆ, ಅದು ಹೊಳೆಯಲ್ಲ. ಮಗಳಿಗೆ 8 ವರ್ಷ. ಹೊಳೆಯೋದನ್ನ ಮಾತ್ರ ಎತ್ತಿಟ್ಟರೆ ಸಾಕಾ?

ಮೇಡಂ: ಮಗಳನ್ನ ಇವತ್ತು ರಾತ್ರಿಯಿಂದಲೇ ಬೇರೆ ಕೋಣೆಯಲ್ಲಿ ಮಲಗಿಸಿ. ಆ ಕೋಣೆಯ ಕಿಟಕಿ ತೆರೆದಿಡಿ. ಉಳಿದದ್ದನ್ನ ನಿಧಾನವಾಗಿ ಓದಿ.

ಹೊಳಪನ್ನ ನೋಡಿ ಅಪಾಯ ಅಳೆಯೋಕಾಗಲ್ಲ. ಆಟುನೈಟ್ ಅನ್ನೋ ಯುರೇನಿಯಂ ಖನಿಜ ಹೊಳೆಯೋದು ಯುವಿ ಬೆಳಕಿಗೆ, ವಿಕಿರಣದಿಂದ ಅಲ್ಲ. ನೀವು ಬಿಟ್ಟುಬಿಡೋಕೆ ಹೊರಟ ಆ ಕಪ್ಪು ಕಲ್ಲೇ ನನಗೆ ಹೆಚ್ಚು ಚಿಂತೆ. ಕಪ್ಪು, ಭಾರ, ಯುರೇನಿಯಂ ಖನಿಜಗಳ ನಡುವೆ ಇಟ್ಟಿದ್ದಾರೆ ಅಂದರೆ ಯುರೇನಿಯಂ ಹೇರಳವಾಗಿರೋ ಅದಿರು ಪಿಚ್‌ಬ್ಲೆಂಡ್ ಇರಬಹುದು. ಅಳೆಯೋವರೆಗೆ ಹಾಗಂತಲೇ ತಿಳ್ಕೊಳ್ಳಿ.

ಅದಿರಿನಲ್ಲಿ ಹೆಚ್ಚಿನಂಶ ಇರೋ ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವ ಧಾತು ತಾನೊಂದೇ ಇದ್ದರೆ ಇಷ್ಟು ಹೆದರಬೇಕಿರಲಿಲ್ಲ. ಆದರೆ ಹಳೇ ಅದಿರಿನಲ್ಲಿ ಅದರ ಸಂತಾನವೆಲ್ಲ ಒಟ್ಟಿಗೇ ಕೂತಿರುತ್ತೆ. ಸೀಸ ಆಗೋ ಮುಂಚೆ ಅದು 14 ಸಲ ರೂಪ ಬದಲಿಸುತ್ತೆ. ನಡುವೆ ರೇಡಿಯಂ ಬರುತ್ತೆ, ರೇಡಿಯಂನಿಂದ ರೇಡಾನ್ ಅನ್ನೋ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ಅರ್ಧಾಯು 3.8 ದಿನ. ಕಲ್ಲಿನಿಂದ ಹೊರಬಂದು ಮುಚ್ಚಿದ ಕಪಾಟಿನಲ್ಲಿ ತುಂಬಿಕೊಳ್ಳುತ್ತೆ, ಬಾಗಿಲು ತೆಗೆದಾಗ, ಸಂದಿಯಿಂದಲೂ, ಕೋಣೆಗೆ ಬರುತ್ತೆ. ಅದರಿಂದ ಹುಟ್ಟುವ ಪೊಲೋನಿಯಂ ಧೂಳಿಗೆ ಅಂಟಿಕೊಂಡು ಶ್ವಾಸಕೋಶಕ್ಕೆ ಇಳಿಯುತ್ತೆ. ಅದು ಸೂಸುವ ಆಲ್ಫಾ ಕಣವನ್ನ ಹೊರಗಿನ ಚರ್ಮ ತಡೆಯುತ್ತೆ, ಒಳಗಿನ ಶ್ವಾಸಕೋಶಕ್ಕೆ ಅಂಥ ರಕ್ಷಣೆ ಇಲ್ಲ. ಆಟುನೈಟ್ ಪುಡಿಯದ್ದೂ ಇದೇ ಕತೆ. ಆ ಖನಿಜ ತನ್ನೊಳಗಿನ ನೀರು ಆರಿದ ಹಾಗೆ ಪದರ ಪದರವಾಗಿ ಉದುರುತ್ತೆ. ಅದು ಬೆರಳಿಗೆ ಅಂಟಿ, ಬೆರಳು ಬಾಯಿಗೆ ಹೋಗೋದನ್ನ ತಪ್ಪಿಸಬೇಕು.

ಪೊರಕೆ ಹಾಕಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಪುಡಿ ಮನೆ ತುಂಬ ಹರಡುತ್ತೆ. ಕೈಗವಸು, ಎನ್95 ಮಾಸ್ಕ್ ಹಾಕಿ. ಒಂದೊಂದು ಕಲ್ಲನ್ನೂ ಅದರ ಹತ್ತಿ, ಚೀಟಿ ಸಮೇತ ಜಿಪ್ ಕವರಿಗೆ ಹಾಕಿ, ಮೇಲೆ ಇನ್ನೊಂದು ಕವರು, ಆಮೇಲೆ ಗಟ್ಟಿ ಮುಚ್ಚಳದ ಡಬ್ಬಿ. ಕಪಾಟು, ಮೇಜು, ನೆಲ ಎಲ್ಲ ಒದ್ದೆ ಕಾಗದದಲ್ಲಿ ಒರೆಸಿ, ಆ ಕಾಗದವನ್ನೂ ಕವರಿಗೇ ಹಾಕಿ. ಡಬ್ಬಿ ಮೇಲೆ "ಯುರೇನಿಯಂ ಖನಿಜ" ಅಂತ ದೊಡ್ಡದಾಗಿ ಬರೆದು, ಯಾರೂ ವಾಸ ಮಾಡದ, ಗಾಳಿಯಾಡುವ ಜಾಗದಲ್ಲಿ ಬೀಗ ಹಾಕಿಡಿ. ಕಸಕ್ಕೆ, ಬಾವಿಗೆ, ಹೊಲಕ್ಕೆ ಎಸೆಯಬೇಡಿ. ನಿಮ್ಮ ದೇಶದ ಪರಮಾಣು ನಿಯಂತ್ರಣ ಸಂಸ್ಥೆಗೆ ಬರೆಯಿರಿ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲೂ ಕೇಳಿ.

ನೇಗಿಲು: ಲಾಭ ಲಾಭ ಅಂತ ಶುರು ಮಾಡಿದ್ರಿ. ಚೆರ್ನೋಬಿಲ್ ಮರೆತುಹೋಯ್ತಾ? ಫುಕುಷಿಮಾ?

ಹಳೇ ಓದುಗ: ಯಾರೂ ಮರೆತಿಲ್ಲ. ಆದರೆ ಕಲ್ಲಿದ್ದಲ ಹೊಗೆ ಕುಡಿದು ವರ್ಷ ವರ್ಷ ಸಾಯೋರನ್ನ ನೀವು ಲೆಕ್ಕಕ್ಕೇ ಹಿಡಿಯಲ್ಲ.

ನೇಗಿಲು: ಒಲೆ ಆರಿಸಿದರೆ ಹೊಗೆ ನಿಲ್ಲುತ್ತೆ. ರಿಯಾಕ್ಟರ್‌ನಲ್ಲಿ ಯುರೇನಿಯಂನಿಂದ ಹುಟ್ಟುವ ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷ. ಅಷ್ಟು ಕಾಲ ಅದನ್ನ ಕಾಯೋರು ಯಾರು ಸ್ವಾಮಿ?

ಹಳೇ ಓದುಗ: ಬಂಡೆ ಕಾಯುತ್ತೆ. ಅಣು ತ್ಯಾಜ್ಯ ಹೂಳೋಕೆ ಮಾಡಿದ ಫಿನ್‌ಲ್ಯಾಂಡಿನ ಓಂಕಾಲೊ ಸುರಂಗ ನೋಡಿ, 400 ಮೀಟರಿಗೂ ಆಳದಲ್ಲಿ ಕೊರೆದಿದ್ದಾರೆ. ಗಬಾನ್‌ನ ಓಕ್ಲೋದಲ್ಲಿ ಸುಮಾರು 200 ಕೋಟಿ ವರ್ಷದ ಹಿಂದೆ ತಾನಾಗೇ ಉರಿದ ರಿಯಾಕ್ಟರ್ ಇತ್ತು, 1972ರಲ್ಲಿ ಪತ್ತೆಯಾಯ್ತು. ಅಲ್ಲಿಯ ಪ್ಲುಟೋನಿಯಂ ಹುಟ್ಟಿದ ಜಾಗ ಬಿಟ್ಟು ಹೆಚ್ಚು ದೂರ ಹೋಗಿರಲಿಲ್ಲ.

ನೇಗಿಲು: ಒಂದು ದೇಶ ಒಂದು ಗುಂಡಿ ತೋಡಿದ ಮಾತ್ರಕ್ಕೆ ಜಗತ್ತಿನ ತ್ಯಾಜ್ಯವೆಲ್ಲ ಹೂತ ಹಾಗಾಗಲ್ಲ.

ಕಡಲಹಕ್ಕಿ: ರಿಯಾಕ್ಟರ್ ಬಾಂಬಿನ ಹಾಗೆ ಸಿಡಿಯುತ್ತಾ ಮೇಡಂ?

ಮೇಡಂ: ಇಲ್ಲ. ಬಾಂಬಿಗೆ ಯುರೇನಿಯಂ-235 ಸುಮಾರು 90 ಶೇಕಡಾ ಬೇಕು. ವಿದ್ಯುತ್ ಸ್ಥಾವರಗಳ ಇಂಧನದಲ್ಲಿ ಸಾಮಾನ್ಯವಾಗಿ ಇರೋದು 3ರಿಂದ 5. ಆದರೆ ಆ 3ನ್ನ 90 ಮಾಡೋಕೂ 235ರ ಪಾಲು ಹೆಚ್ಚಿಸುವ ಅದೇ ಸೆಂಟ್ರಿಫ್ಯೂಜ್ ಯಂತ್ರ ಸಾಕು. ಅಂತರರಾಷ್ಟ್ರೀಯ ತಪಾಸಣೆ ಇರೋದು ಇದಕ್ಕೇ.

ಬೆಳದಿಂಗಳು: ಇಬ್ಬರೂ ರಿಯಾಕ್ಟರ್ ಬಾಗಿಲಲ್ಲೇ ಜಗಳ ಆಡ್ತಿದ್ದೀರಿ. ಅದಿರು ಅಗೆದವರ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಮೇಡಂ: ಇವರು ಹೇಳಿದ್ದು ಸರಿ. ಯುರೇನಿಯಂನ ಕೆಡುಕು ತೋರಿಸಿ ಅಂದರೆ ನಾನು ಮೊದಲು ಕರೆದೊಯ್ಯೋದು ಗಣಿಗೆ. ಅಮೆರಿಕದ ನವಾಹೊ ಜನರ ನೆಲದಲ್ಲಿ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಅದಿರು ತೆಗೆದರು. ಮೊದಮೊದಲು ಗಾಳಿ ಸರಿಯಾಗಿ ಆಡದ ಸುರಂಗದಲ್ಲಿ, ರೇಡಾನ್ ಬಗ್ಗೆ ಒಂದು ಮಾತೂ ಹೇಳದೆ ಕೆಲಸ ಮಾಡಿಸಿದರು. ಶ್ವಾಸಕೋಶದ ಕ್ಯಾನ್ಸರ್ ಬಂದವರಿಗೆ ಪರಿಹಾರದ ಕಾಯ್ದೆ ಆಗಿದ್ದು 1990ರಲ್ಲಿ. ಕೈಬಿಟ್ಟ ಗಣಿಗಳೇ ಅಲ್ಲಿ 500ಕ್ಕೂ ಹೆಚ್ಚು. ಯುರೇನಿಯಂ ತೆಗೆದುಕೊಂಡ ಮೇಲೆ ಉಳಿಯುವ ಗಸಿಯಲ್ಲಿ ಅದಿರಿನ ವಿಕಿರಣದ ಸುಮಾರು 85 ಶೇಕಡಾ ಹಾಗೇ ಇರುತ್ತೆ, ರೇಡಿಯಂ ಎಲ್ಲ ಅಲ್ಲೇ ಉಳಿಯೋದ್ರಿಂದ. 1979ರ ಜುಲೈ 16ರಂದು ಚರ್ಚ್ ರಾಕ್‌ನಲ್ಲಿ ಅಂಥ ಗಸಿ ಕಟ್ಟೆ ಒಡೆದು ಕುರಿ ನೀರು ಕುಡಿಯುವ ಹೊಳೆಗೆ ಹರಿಯಿತು. ಯೂನಿಟ್‌ಗೆ 12 ಗ್ರಾಂ ಅಂತ ನಾನು ಮೇಲೆ ಬರೆದ ಲೆಕ್ಕದಲ್ಲಿ ಈ ಜನರ ಲೆಕ್ಕ ಇಲ್ಲ. ಗಣಿ ಮುಚ್ಚುವ ಹಣವನ್ನ ಅಗೆಯೋ ಮುಂಚೆಯೇ ತೆಗೆದಿಡದ ಯೋಜನೆಯನ್ನ ನಾನು ಬೆಂಬಲಿಸಲ್ಲ.

ಹಳೇ ಓದುಗ: ಅದು ಹಳೇ ಕಾಲದ ಮಾತು. ಈಗ ಬಹಳಷ್ಟು ಕಡೆ ಅಗೆಯೋದೇ ಇಲ್ಲ, ದ್ರಾವಣ ಇಳಿಸಿ ನೆಲದೊಳಗೇ ಕರಗಿಸಿ ಮೇಲೆತ್ತುತ್ತಾರೆ. ಜಗತ್ತಿಗೆ ಅತಿ ಹೆಚ್ಚು ಯುರೇನಿಯಂ ಕೊಡುವ ಕಜಾಕಿಸ್ತಾನದಲ್ಲಿ ಹಾಗೇ.

ನೇಗಿಲು: ನೆಲದೊಳಗೆ ಆಸಿಡ್ ಇಳಿಸೋದನ್ನ ಸುಧಾರಣೆ ಅಂತೀರಾ? ಅಂತರ್ಜಲ ನಿಮ್ಮಪ್ಪನ ಆಸ್ತಿನಾ?

ಹಳೇ ಓದುಗ: ನಾಲಿಗೆ ಬಿಗಿ ಹಿಡಿದು ಮಾತಾಡಿ.

ಅಡ್ಮಿನ್: ಇಬ್ಬರಿಗೂ ಇದು ಕೊನೇ ಎಚ್ಚರಿಕೆ.

ಸಿಹಿನೀರು: ನೀರು ಕುದಿಸಿದರೆ ಯುರೇನಿಯಂ ಹೋಗುತ್ತಾ ಮೇಡಂ?

ಮೇಡಂ: ಹೋಗಲ್ಲ. ಮೇಲೆ ಬರೆದಿದ್ದೇನೆ.

ಎಳೆಬಿಸಿಲು: ಯುರೇನಿಯಂ ಬದಲು ಥೋರಿಯಂ ಬಳಸಿದರೆ ಈ ತಾಪತ್ರಯ ಎಲ್ಲ ತಪ್ಪುತ್ತಾ?

ಸಂಜೆಮಲ್ಲಿಗೆ: ಸೋಡಾ ಬೇಡ ಅಂದ್ರಿ, ಅಯೋಡಿನ್ ಮಾತ್ರೆ ನುಂಗಬಹುದಾ? ಇನ್ನೊಂದು, ವಿಕಿರಣ ತಡೆಯೋ ಪೆಂಡೆಂಟ್ ಅಂತ ಬಂದಿದೆ, ಕುತ್ತಿಗೆಗೆ ಹಾಕ್ಕೊಂಡರೆ ಸಾಕಂತೆ.

ಮೇಡಂ: ಅಯೋಡಿನ್ ಮಾತ್ರೆ ಕಾಪಾಡೋದು ಥೈರಾಯ್ಡ್ ಒಂದನ್ನೇ, ಅದೂ ಸ್ಥಾವರದ ಅವಘಡದಲ್ಲಿ ಬರುವ ವಿಕಿರಣಶೀಲ ಅಯೋಡಿನ್‌ನಿಂದ. ಯುರೇನಿಯಂಗೂ ಅದಕ್ಕೂ ಸಂಬಂಧ ಇಲ್ಲ. ಸರ್ಕಾರ ಹೇಳದೆ ನುಂಗಬೇಡಿ. ಪೆಂಡೆಂಟ್ ಬಗ್ಗೆ ಗಮನ ಕೊಟ್ಟು ಕೇಳಿ: 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಪರಮಾಣು ನಿಯಂತ್ರಣ ಸಂಸ್ಥೆ ಇಂಥ 10 ಸರಕುಗಳನ್ನ ನಿಷೇಧಿಸಿತು, ಅವೇ ವಿಕಿರಣ ಸೂಸುತ್ತಿದ್ದವು ಅಂತ. ಮೈಗೆ ಅಂಟಿಕೊಂಡು ಹಗಲೂ ರಾತ್ರಿ ಇರುವ ವಸ್ತು ಅದು. ಮಕ್ಕಳ ಕೊರಳಿಗೆ ಹಾಕಿದ್ದರೆ ಈಗಲೇ ತೆಗೆಯಿರಿ. ಅಡ್ಮಿನ್, ಇನ್ನೊಂದು ಫಾರ್ವರ್ಡ್ ಬಂದರೆ ನಾನು ಇಲ್ಲಿಗೆ ನಿಲ್ಲಿಸ್ತೀನಿ.

ಸಂಜೆಮಲ್ಲಿಗೆ: ಗೊತ್ತಿಲ್ಲದೆ ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ ಮೇಡಂ.

ಚುಕ್ಕಿ: ವಿಮಾನದಲ್ಲೂ ಯುರೇನಿಯಂ ಇರುತ್ತಂತೆ, ಹೌದಾ?

ಹಳೇ ಓದುಗ: ಹಳೇ ಬೋಯಿಂಗ್ 747 ವಿಮಾನಗಳಲ್ಲಿ ಕೆಲವಕ್ಕೆ ಬಾಲದ ಕಡೆ ಸಮತೂಕಕ್ಕೆ ಇಡ್ತಿದ್ರು, 235 ಹೆಚ್ಚಿನಂಶ ತೆಗೆದ ಯುರೇನಿಯಂ. ಸೀಸಕ್ಕಿಂತ ಒಂದೂವರೆ ಪಟ್ಟು ಮೀರಿ ಸಾಂದ್ರ.

ನೇಗಿಲು: ಅದನ್ನೇ ಟ್ಯಾಂಕ್ ಸೀಳೋ ಗುಂಡಿಗೂ ಹಾಕ್ತಾರೆ, ಆ ಮಾತನ್ನ ಯಾಕೆ ನುಂಗಿದ್ರಿ?

ಕಲ್ಲುಹೂವು: ಮೇಡಂ, ನೀವು ಹೇಳಿದ ಹಾಗೆ ಎಲ್ಲ ಕವರಿಗೆ ಹಾಕಿ ಹೊರಗಿನ ಶೆಡ್‌ಗೆ ಸಾಗಿಸಿದ್ವಿ. ಮಗಳನ್ನ ಕೇಳಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ಆ ಕಪ್ಪು ಕಲ್ಲನ್ನ ಪುಸ್ತಕ ಹಾರದ ಹಾಗೆ ಮೇಜಿನ ಮೇಲೆ ಇಟ್ಕೋತಿದ್ದಳಂತೆ. ತುಂಬ ಭಯ ಆಗ್ತಿದೆ. ಎಲ್ಲಿ ತೋರಿಸೋದು?

ಮೇಡಂ: ಗಾಬರಿ ಬೇಡ, ಇದು ಈ ರಾತ್ರಿ ಎಮರ್ಜೆನ್ಸಿಗೆ ಓಡುವ ವಿಷಯ ಅಲ್ಲ. ಕಲ್ಲು ಎಷ್ಟು ಕಾಲ, ಎಷ್ಟು ದೂರದಲ್ಲಿ ಇತ್ತು ಅಂತ ಮಗಳ ಹತ್ತಿರ ಸಮಾಧಾನವಾಗಿ ಕೇಳಿ ಬರೆದಿಡಿ, ಬೈದರೆ ಹೇಳೋದನ್ನೂ ಹೇಳಲ್ಲ. ನಿಯಂತ್ರಣ ಸಂಸ್ಥೆಯವರು ಕಲ್ಲನ್ನ ಮೀಟರಿನಲ್ಲಿ ಅಳೆದರೆ ಆ ಎರಡು ಮಾಹಿತಿಯಿಂದ ಅವಳಿಗೆ ಬಿದ್ದಿರೋ ಪ್ರಮಾಣ ಲೆಕ್ಕ ಹಾಕಬಹುದು. ಮಕ್ಕಳ ವೈದ್ಯರಿಗೆ ಇದೇ ಮಾತು ಹೇಳಿ, ಮೂತ್ರದಲ್ಲಿ ಯುರೇನಿಯಂ ಅಳೆಯುವ ಪರೀಕ್ಷೆ ಇದೆ, ಬೇಕೋ ಬೇಡವೋ ಅವರು ನಿರ್ಧರಿಸಲಿ. ಮೇಜಿನ ಮೇಲಿನ ಪುಸ್ತಕಗಳನ್ನೂ ಒದ್ದೆ ಕಾಗದದಲ್ಲಿ ಒರೆಸಿ. ಖಾಲಿ ಕೋಣೆಯಲ್ಲಿ ರೇಡಾನ್ ಡಿಟೆಕ್ಟರ್ ಇಡಿ. ರೇಡಾನ್ ಘನ ಮೀಟರಿಗೆ 100 ಬೆಕರೆಲ್‌ಗಿಂತ (ವಿಕಿರಣ ಅಳೆಯುವ ಮಾನ) ಕೆಳಗೆ ಇರಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟ. ಅಷ್ಟು ಬರೋವರೆಗೆ ಅವಳು ಅಲ್ಲಿ ಮಲಗೋದು ಬೇಡ. ರಿಪೋರ್ಟ್ ಬಂದಾಗ ಗುಂಪಿಗೆ ಹಾಕಬೇಡಿ, ನನಗೆ ನೇರವಾಗಿ ಕಳಿಸಿ.