ಸಹಾಯ ಬೇಕು: ಮಕ್ಕಳು ಬೆರೆತ್ರು, ಶಿಕ್ಷಕರನ್ನ ಹೇಗೆ ಸೇರಿಸ್ಕೊಳ್ಳೋದು?

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಮ್ಮಲ್ಲಿ ಮಕ್ಕಳು ಬಿಸಿಯೂಟಕ್ಕೂ ಊರು, ಕೇರಿ ನೋಡ್ಕೊಂಡೇ ಕೂರ್ತಿದ್ರು. ನೋಡಿ ಸಂಕಟ ಆಗ್ತಿತ್ತು. ಜೂನ್‌ನಲ್ಲಿ 8, 9, 10ನೇ ತರಗತಿಯವರನ್ನ ಚೀಟಿ ಎತ್ತಿ ಬೆರೆಸಿ ಆರು ತಂಡ ಮಾಡಿದೆ. ಬಡಿಸೋದು, ಪ್ರಾರ್ಥನೆ, ಕೈತೋಟ ವಾರಕ್ಕೊಂದು ತಂಡಕ್ಕೆ. (ಶೌಚಾಲಯದ ಕೆಲಸ ಇಲ್ಲ. ಅದನ್ನ ಮಕ್ಕಳಿಂದ ಮಾಡಿಸಬಾರದು ಅಂತ 2023ರ ಡಿಸೆಂಬರ್‌ನಲ್ಲೇ ಇಲಾಖೆಯ ಸುತ್ತೋಲೆ ಬಂದಿದೆ.) ಮಾತೇ ಆಡದಿದ್ದ ಎಂಟನೇ ಕ್ಲಾಸಿನ ಹುಡುಗಿ ಈಗ ಸಾರಿನ ಸೌಟು ಹಿಡಿದು ಇಡೀ ಸಾಲು ನಿಭಾಯಿಸ್ತಾಳೆ.

ತೊಡಕಿರೋದು ನಮ್ಮಲ್ಲೇ. ತಂಡಕ್ಕೊಬ್ಬರು ಶಿಕ್ಷಕರು ಅಂತ ಹೆಸರು ಬರೆದಿದ್ದೀವಿ, ಊಟದ ಹೊತ್ತಿಗೆ ಎಲ್ಲರೂ ಸ್ಟಾಫ್ ರೂಮಲ್ಲಿ. ತಪ್ಪು ಅನ್ನೋಕಾಗಲ್ಲ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ, ವಿಶೇಷ ತರಗತಿ, ಆನ್‌ಲೈನ್ ಮಾಹಿತಿ ತುಂಬೋದು. ಎರಡು ಸಭೆಯಲ್ಲಿ ಕೇಳ್ಕೊಂಡೆ. ಹೆಚ್‌ಎಂ ಆದೇಶವನ್ನೂ ಕೊಟ್ಟರು, ಶಿಕ್ಷಕರು ಸಹಿ ಹಾಕಿದ್ರು, ಆಮೇಲೂ ಬರಲಿಲ್ಲ. ಮೊನ್ನೆ ಒಬ್ಬ ಹುಡುಗ, "ಸರ್, ಒಟ್ಟಿಗೆ ಕೂತು ಉಣ್ಣಿ ಅಂತ ನಮಗೆ ಹೇಳ್ತೀರಿ, ನೀವ್ಯಾಕೆ ಬರಲ್ಲ?" ಅಂದ. ನನಗೆ ಉತ್ತರ ಹೊಳೀಲಿಲ್ಲ.

ಆದೇಶ ಇಲ್ಲದೆ ಸಹೋದ್ಯೋಗಿಗಳನ್ನ ಇಂಥ ಕೆಲಸಕ್ಕೆ ಸೇರಿಸ್ಕೊಂಡವರು ಇದ್ದೀರಾ? ಮೊದಲು ಏನು ಮಾಡಿದ್ರಿ? ಜನವರಿಯಿಂದ 10ನೇ ತರಗತಿಯವರನ್ನ ತಂಡದಿಂದ ಬಿಡಬೇಕಾ, ಇಟ್ಕೋಬೇಕಾ?