ಮೆರಾಂಗನ್ನು ಸಂಡಿಗೆ ಅಂದುಕೋ ಪುಟ್ಟಿ

ಪುಟ್ಟಿ, ನೀನು ಮಾಡಿದ ಮೆರಾಂಗಿನ ಫೋಟೋ ನೋಡಿದೆ, ಅದೇ ಮೊಟ್ಟೆಯ ಬಿಳಿಗೆ ಸಕ್ಕರೆ ಹಾಕಿ ನೊರೆ ಬರುವಂತೆ ಹೊಡೆದು ಓವನ್ನಿನಲ್ಲಿ ಒಣಗಿಸುವ ಗರಿಗರಿ ಸಿಹಿ. ವಾಯ್ಸ್ ಕಳಿಸೋಣ ಅಂದರೆ ಇಲ್ಲಿ ಮೂಡಿಗೆರೆ ಮಳೆ, ಹಿತ್ತಲಿನ ಶೀಟಿನ ಮೇಲೆ ಸುರಿಯುವ ಶಬ್ದಕ್ಕೆ ನನ್ನ ಮಾತು ನನಗೇ ಕೇಳಿಸುತ್ತಿಲ್ಲ. ಅದಕ್ಕೆ ಮಾತಾಡಿದ ಹಾಗೆಯೇ ಬರೆಯುತ್ತಿದ್ದೇನೆ, ಚಿಕ್ಕಮ್ಮ ಪುರಾಣ ಶುರು ಮಾಡಿದಳು ಅಂತ ಬೈಕೋಬೇಡ.

ನೀನು ಕೇಳಿದ್ದು ಯಾಕೆ ಎಲ್ಲಾ ಚಪ್ಪಟೆ ಆಯ್ತು, ಯಾಕೆ ತಳದಲ್ಲಿ ಪಾಕ ಸುರಿದಿದೆ, ಮೇಲೆ ಕೆಂಪಗಾಗಿ ಒಳಗೆ ಯಾಕೆ ಅಂಟಂಟು ಅಂತ. 160 ಡಿಗ್ರಿಯಲ್ಲಿ 25 ನಿಮಿಷ ಇಟ್ಟೆ ಅಂದೆಯಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅದು ಕೇಕಿನ ಲೆಕ್ಕ ಕಣೆ. ಮೆರಾಂಗನ್ನು ಸಂಡಿಗೆ ಅಂದುಕೋ. ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ ಸುಮಾರು 90 ಪಾಲು ಬರೀ ನೀರು. ಆ ನೀರು ಮೆಲ್ಲಗೆ ಆರಿ ಹೋಗಬೇಕು. ಬಿಸಿ ಜಾಸ್ತಿ ಆದರೆ ಒಳಗಿನ ಗಾಳಿ ಉಬ್ಬಿ ಮೇಲೆ ಬಿರುಕು ಬಿಡುತ್ತದೆ, ಸಕ್ಕರೆ ಕೆಂಪಗಾಗುತ್ತದೆ, ನೀರು ಮಾತ್ರ ಒಳಗೇ ಕೂತಿರುತ್ತದೆ. 90ರಿಂದ 100 ಡಿಗ್ರಿ, ಒಂದೂವರೆ ಗಂಟೆ, ದೊಡ್ಡದಾಗಿದ್ದರೆ ಎರಡು ಗಂಟೆ. ಓಟಿಜಿಯಲ್ಲಿ, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನಿನಲ್ಲಿ, ಕೆಳಗಿನ ಕಾಯಿಲ್ ಮಾತ್ರ ಹಾಕು. ಅದರ ಗುಂಡಿ ತೋರಿಸುವ ಡಿಗ್ರಿಯನ್ನು ಪೂರ್ತಿ ನಂಬಬೇಡ, ನಮ್ಮನೇದು 100 ಅಂತ ತೋರಿಸಿ 120ಕ್ಕೆ ಹೋಗುತ್ತದೆ. ಒಳಗೆ ಇಡುವ ಸಣ್ಣ ಥರ್ಮಾಮೀಟರ್ ತಂದ ಮೇಲೇ ನನಗೆ ಗೊತ್ತಾಗಿದ್ದು. ಆಮೇಲೆ ಸ್ವಿಚ್ ಆರಿಸಿ, ಬಾಗಿಲು ತೆಗೆಯದೆ ಅದರೊಳಗೇ ತಣ್ಣಗಾಗಲು ಬಿಡು. ನಾನು ರಾತ್ರಿ ಊಟ ಮುಗಿಸಿ ಇಡುತ್ತೇನೆ, ಬೆಳಿಗ್ಗೆ ಕಾಫಿಗೆ ತೆಗೆಯುತ್ತೇನೆ.

ಆಗಿದೆಯಾ ಅಂತ ನೋಡುವುದು ಹೇಗೆ ಅಂದರೆ, ಕಣದಲ್ಲಿ ಕಾಫಿ ಹಣ್ಣು ಒಣಗಿದೆಯಾ ಅಂತ ನಿಮ್ಮ ಚಿಕ್ಕಪ್ಪ ಒಂದು ಹಿಡಿ ತೆಗೆದು ಕಿವಿ ಹತ್ತಿರ ಗಲಗಲ ಅಲ್ಲಾಡಿಸುತ್ತಾರಲ್ಲ, ಹಾಗೇ ಇದನ್ನೂ ಕಿವಿಯಲ್ಲೇ ನೋಡಬೇಕು. ತಟ್ಟೆಗೆ ಹಾಸಿದ ಬೇಕಿಂಗ್ ಪೇಪರಿನಿಂದ ಒಂದನ್ನು ಎತ್ತು. ತಾನಾಗಿ ಬಿಟ್ಟುಕೊಂಡು ಬರಬೇಕು. ತಳಕ್ಕೆ ಉಗುರಿನಿಂದ ತಟ್ಟಿದರೆ ಟೊಳ್ಳು ಶಬ್ದ ಬರಬೇಕು. ಪೇಪರಿಗೆ ಅಂಟಿಕೊಂಡಿದ್ದರೆ ಇನ್ನೂ ಅರ್ಧ ಗಂಟೆ ಬಿಡು, ಎಳೆದಾಡಬೇಡ.

ಇನ್ನು ಚಪ್ಪಟೆ ಆಗಿದ್ದು. ಯಾವ ಪಾತ್ರೆಯಲ್ಲಿ ಹೊಡೆದೆ ಅಂತ ನೀನು ಹೇಳಲಿಲ್ಲ. ಫೋಟೋದ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬೇಸಿನ್ ಕಾಣಿಸುತ್ತಿದೆ. ಅದೇ ಆಗಿದ್ದರೆ, ಕಳ್ಳ ಸಿಕ್ಕಿದ. ನಾನು ಮೊದಲ ಸಲ ಮಾಡಿದಾಗ ಬೆಣ್ಣೆ ಇಡುತ್ತಿದ್ದ ಪ್ಲಾಸ್ಟಿಕ್ ಡಬ್ಬವನ್ನೇ ತೊಳೆದು ತೆಗೆದುಕೊಂಡೆ. ಎರಡು ಸಲ ಸೋಪು ಹಾಕಿ ತೊಳೆದಿದ್ದೆ, ಕಣ್ಣಿಗೆ ಫಳಫಳ ಅಂತಿತ್ತು. 20 ನಿಮಿಷ ಬೀಟರ್ ಹಿಡಿದು ಭುಜ ನೋವು ಬಂತು, ಒಳಗೆ ನೋಡಿದರೆ ಕರೆದ ಹಾಲಿನ ನೊರೆಯಷ್ಟೇ. ಪ್ಲಾಸ್ಟಿಕ್ ಜಿಡ್ಡನ್ನು ಬಿಡೋದೇ ಇಲ್ಲ. ಜಿಡ್ಡು ಒಂದು ಚೂರಿದ್ದರೂ ಬಿಳಿ ಸರಿಯಾಗಿ ಏಳುವುದಿಲ್ಲ. ಸ್ಟೀಲ್ ಪಾತ್ರೆ ತಗೋ, ಹಿಂಡಿದ ನಿಂಬೆ ಹೋಳಿನಿಂದ ಒಳಗೆಲ್ಲಾ ಉಜ್ಜು, ಬೀಟರಿನ ಕಡ್ಡಿಗಳನ್ನೂ ಉಜ್ಜು, ಒಣ ಬಟ್ಟೆಯಲ್ಲಿ ಒರೆಸು. ಅಲ್ಯೂಮಿನಿಯಂ ಬೇಡ, ಮೊಟ್ಟೆಯ ಬಿಳಿಯೇ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಹಳದಿಯಲ್ಲೂ ಜಿಡ್ಡಿದೆ, ಅದು ಒಂದು ತೊಟ್ಟು ಬಿದ್ದರೂ ಅಷ್ಟೇ. ಮೊಟ್ಟೆ ಫ್ರಿಜ್ಜಿನಿಂದ ತೆಗೆದ ತಕ್ಷಣ ಒಡೆದು ಬೇರೆ ಮಾಡು, ತಣ್ಣಗಿದ್ದಾಗ ಹಳದಿ ಗಟ್ಟಿ ಇರುತ್ತದೆ. ಹೊಡೆಯುವುದು ಮಾತ್ರ ಅರ್ಧ ಗಂಟೆ ಹೊರಗಿಟ್ಟ ಮೇಲೆ. ಒಂದೊಂದು ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು ನೋಡಿ ಆಮೇಲೆ ದೊಡ್ಡದಕ್ಕೆ ಸುರಿ. ನಾಲ್ಕನೇ ಮೊಟ್ಟೆ ಕೈಕೊಟ್ಟು ಮೊದಲಿನ ಮೂರೂ ಆಮ್ಲೆಟ್ ಆಗಿದ್ದು ನಮ್ಮ ಮನೆಯಲ್ಲಿ ಎಷ್ಟು ಸಲವೋ.

ಪಾಕ ಸುರಿದಿದ್ದಕ್ಕೆ ಕಾರಣ ನಿನ್ನ ಅವಸರ. ಸಕ್ಕರೆ ಎಲ್ಲಾ ಒಟ್ಟಿಗೆ ಸುರಿದೆ ಅಂತ ನೀನೇ ಬರೆದಿದ್ದೀಯ. ಕರಗದೆ ಉಳಿದ ಸಕ್ಕರೆ ನೀರು ಎಳೆದುಕೊಂಡು ಆಮೇಲೆ ಬೆವರಿನ ಹಾಗೆ ಹನಿ ಹನಿ ಹೊರಗೆ ಬರುತ್ತದೆ. ನಾಲ್ಕು ಬಿಳಿ ಅಂದರೆ ಸುಮಾರು 120 ಗ್ರಾಂ, ಅದಕ್ಕೆ 220ರಿಂದ 240 ಗ್ರಾಂ ಸಕ್ಕರೆ. ಬೆಚ್ಚಿಬೀಳಬೇಡ, ಅದು ನಿಲ್ಲುವುದೇ ಸಕ್ಕರೆಯ ಬಲದಿಂದ, ಸಿಹಿ ಕಡಿಮೆ ಮಾಡೋಣ ಅಂತ ಅರ್ಧ ಹಾಕಿದರೆ ಗರಿಗರಿ ಬರುವುದಿಲ್ಲ. ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಸಣ್ಣ ಮಾಡಿಕೋ. ಬಿಳಿಯನ್ನು ಮೊದಲು ನಿಧಾನಕ್ಕೆ ಹೊಡೆ, ನೊರೆ ಬಂದಾಗ ಒಂದು ಟೀ ಚಮಚ ನಿಂಬೆರಸ ಹಾಕು, ಬೀಟರ್ ಎತ್ತಿದರೆ ತುದಿ ಬಾಗಿ ನಿಲ್ಲುವಷ್ಟಾದಾಗ ಸಕ್ಕರೆ ಶುರು. ಒಂದು ಚಮಚ ಹಾಕು, ಅರ್ಧ ನಿಮಿಷ ಹೊಡೆ, ಇನ್ನೊಂದು ಚಮಚ. ಬೇಜಾರಿನ ಕೆಲಸ, ಗೊತ್ತು, ಸೀರಿಯಲ್ ನೋಡ್ತಾ ಮಾಡು. ಕೊನೆಗೆ ಒಂದು ಚಿಟಿಕೆ ತೆಗೆದು ಎರಡು ಬೆರಳ ನಡುವೆ ಉಜ್ಜು. ಚಿರೋಟಿ ರವೆ ಸಿಕ್ಕ ಹಾಗೆ ಇದ್ದರೆ ಇನ್ನೂ ಆಗಿಲ್ಲ, ಬೆಣ್ಣೆ ಹಾಗೆ ಜಾರಿದರೆ ಆಯ್ತು. ಆದರೆ ಸಕ್ಕರೆ ಹಾಕುವ ಮೊದಲೇ ಜಾಸ್ತಿ ಹೊಡೆದುಬಿಟ್ಟರೆ ಹತ್ತಿ ಉಂಡೆ ಹಾಗೆ ಒಡೆದು ತಳದಲ್ಲಿ ನೀರು ಬಿಡುತ್ತದೆ, ಅದನ್ನೂ ನೋಡಿಕೋ.

ದೊಡ್ಡಮ್ಮ ಕೇಳಿದ ಬಣ್ಣದ ವಿಷಯ, ಅವರಿಗೂ ಹೇಳು: ಜೆಲ್ ಬಣ್ಣ ಕಡ್ಡಿ ತುದಿಯಷ್ಟು, ಕೊನೆಯಲ್ಲಿ. ಎಸೆನ್ಸ್ ಎಣ್ಣೆಯದ್ದಾದರೆ ಬೇಡವೇ ಬೇಡ.

ನಿಜ ಹೇಳಬೇಕು ಅಂದರೆ ಪುಟ್ಟಿ, ನೀನು ಎಲ್ಲಾ ಸರಿ ಮಾಡಿದರೂ ಈ ತಿಂಗಳು ಕಷ್ಟವೇ. ಡಬ್ಬದಲ್ಲಿಟ್ಟ ಹಪ್ಪಳವೇ ಮೆತ್ತಗಾಗುವ ಕಾಲದಲ್ಲಿ ಬರೀ ಸಕ್ಕರೆಯಿಂದ ನಿಂತಿರುವ ವಸ್ತು ಏನು ಮಾಡುತ್ತದೆ ಹೇಳು, ಗಾಳಿಯಲ್ಲಿರುವ ತೇವ ಎಲ್ಲಾ ಕುಡಿಯುತ್ತದೆ. ಹೋದ ವರ್ಷ ತಟ್ಟೆಯಲ್ಲಿ ಜೋಡಿಸಿ ಜಗಲಿಯಲ್ಲಿಟ್ಟು ನೆಂಟರ ಜೊತೆ ಒಂದು ಗಂಟೆ ಮಾತಾಡಿಕೊಂಡು ಕೂತೆ. ಬಂದು ಮುಟ್ಟಿದರೆ ಹಲಸಿನ ಮೇಣ! ಹಾಸನದಲ್ಲಿ ನಮ್ಮಷ್ಟು ಮಳೆ ಇಲ್ಲ ಅನ್ನು, ಆದರೂ ಆಷಾಢ ಆಷಾಢವೇ. ಈಗ ಮಾಡಲೇಬೇಕು ಅಂದರೆ ಸ್ವಿಸ್ ರೀತಿ ಮಾಡು. ಕುದಿಯುವ ನೀರಿನ ಪಾತ್ರೆಯ ಮೇಲೆ, ನೀರಿಗೆ ತಾಗದ ಹಾಗೆ, ಬಿಳಿ ಮತ್ತು ಸಕ್ಕರೆ ಇರುವ ಪಾತ್ರೆ ಇಟ್ಟು ಕೈಬಿಡದೆ ತಿರುಗಿಸು. ಸುಮಾರು 70 ಡಿಗ್ರಿ ಬಿಸಿ ಆಗಿ ಸಕ್ಕರೆ ಪೂರ್ತಿ ಕರಗಿದ ಮೇಲೆ ಇಳಿಸಿ ಹೊಡೆ. ನೊರೆ ಸ್ವಲ್ಪ ದಪ್ಪ, ಆದರೆ ಬಿಗಿ, ಸುಲಭಕ್ಕೆ ಕುಸಿಯುವುದಿಲ್ಲ. ತಣ್ಣಗಾದ ತಕ್ಷಣ ಗಾಳಿ ಆಡದ ಡಬ್ಬಕ್ಕೆ ಹಾಕು, ಫ್ರಿಜ್ಜಿಗೆ ಇಡಬೇಡ, ಅಲ್ಲೂ ತೇವವೇ. ಮೆತ್ತಗಾಗಿದ್ದರೆ 90 ಡಿಗ್ರಿಯಲ್ಲಿ ಇನ್ನೊಂದು 20 ನಿಮಿಷ ಒಣಗಿಸಿದರೆ ಮತ್ತೆ ಗರಿಗರಿ. ನಾನಂತೂ ಡಿಸೆಂಬರ್ ಬರಲಿ ಅಂತ ಕಾಯುತ್ತೇನೆ, ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಇದೂ ಚೆನ್ನಾಗಿ ಒಣಗುತ್ತದೆ.

ಅಂದ ಹಾಗೆ ಈ ಸಲದ್ದನ್ನು ಎಸೆಯಬೇಡ. ಕೆಂಪಗಾಗಿರುವುದನ್ನು ಪುಡಿ ಮಾಡಿ ಕೆನೆ, ಏಲಕ್ಕಿ ಬಾಳೆಹಣ್ಣಿನ ಜೊತೆ ಕಲಸಿ ಮಕ್ಕಳಿಗೆ ಕೊಡು, ಯಾರೂ ಏನೂ ಕೇಳುವುದಿಲ್ಲ. ಆ ನಾಲ್ಕು ಹಳದಿ ಏನು ಮಾಡಿದೆ?