ವಾಟರ್ ಪೋಲೊ ಗೋಲ್‌ಕೀಪರ್ ಆಗ್ತೀನಿ ಅನ್ನೋ ಮಗಳು: ಆಡಿದವರ ಅನುಭವ ಬೇಕು

ಪ್ರಶ್ನೆ: ಮಗಳಿಗೆ 16 ವರ್ಷ. ಈಜಿನಿಂದ ವಾಟರ್ ಪೋಲೊಗೆ (ಈಜುತ್ತಾ ಚೆಂಡನ್ನ ಎದುರಾಳಿಯ ಗೋಲ್‌ಗೆ ಎಸೆಯೋ ಆಟ) ಬಂದವಳು. ಕೈ ಉದ್ದ ಇದೆ ಅಂತ ಕೋಚ್ ಗೋಲ್‌ಗೆ ಹಾಕಿದ್ದಾರೆ, ಅವಳಿಗೂ ಅದೇ ಹಿಡಿಸಿದೆ. ಇದನ್ನೇ ಗಟ್ಟಿಯಾಗಿ ಹಿಡಿದರೆ ಎಷ್ಟು ಕಾಲ ಆಡಬಹುದು? ಮೈ ತಡೆಯುತ್ತಾ? ಹೊಟ್ಟೆಪಾಡಿಗೆ ಆಗುತ್ತಾ? ದಯವಿಟ್ಟು ತಿಳಿದವರು ಹೇಳಿ.

ಮಾಜಿ ಗೋಲ್‌ಕೀಪರ್: ಎಲ್ಲರೂ ಕೈ ನೋಡ್ತಾರೆ, ಆದರೆ ಗೋಲ್ ಕಾಯೋದು ಕಾಲು. ಗೋಲ್ 3 ಮೀಟರ್ ಅಗಲ, ನೀರಿನಿಂದ 90 ಸೆಂಟಿಮೀಟರ್ ಎತ್ತರ. ನೆಲದ ಆಸರೆ ಇಲ್ಲದೆ ಅಷ್ಟನ್ನೂ ಮುಚ್ಚಬೇಕು ಅಂದರೆ ಎಗ್‌ಬೀಟರ್ ಕಿಕ್ ಒಂದೇ ದಾರಿ. ಎರಡು ಕಾಲೂ ಒಂದರ ವಿರುದ್ಧ ದಿಕ್ಕಿಗೆ ಇನ್ನೊಂದು, ಬಿಡದೆ ಸುತ್ತುತ್ತಿರಬೇಕು. ಸೊಂಟ ಹಿಂದೆ, ಎದೆ ಮುಂದೆ, ಅಂಗೈ ನೀರಿನ ಸ್ವಲ್ಪ ಕೆಳಗೆ ಸವರುತ್ತಾ ಇರಲಿ. ನೆಟ್ಟಗೆ ನಿಂತವಳಿಗೆ ಮೇಲೆ ಏಳೋಕೆ ಬರುತ್ತೆ, ಮೂಲೆಗೆ ಹಾರೋಕೆ ಬರಲ್ಲ.

ಎದುರಿನವಳು ಚೆಂಡೆತ್ತಿ ಹೊಡೆಯೋ ಹಾಗೆ ಮಾಡಿ, ಹೊಡೆಯದೆ ಕೈ ತಡೆದು ಹಿಡೀತಾಳೆ. ನೀವು ಪೂರ್ತಿ ಎದ್ದುಬಿಟ್ಟರೆ ಮುಗೀತು, ಕೆಳಗೆ ಇಳಿಯೋ ಆ ಕ್ಷಣಕ್ಕೇ ಅವಳು ಕಾಯ್ತಿರೋದು. ಅವಳ ಕಣ್ಣು ನೋಡಬೇಡ, ಚೆಂಡು ಮತ್ತು ಭುಜ ನೋಡು ಅಂತ ಮಗಳಿಗೆ ಹೇಳಿ. ಅರ್ಧ ಎದ್ದು ಅಲ್ಲೇ ನಿಲ್ಲೋ ಶಕ್ತಿ ಬರೋಕೆ ವರ್ಷಗಳು ಬೇಕು. ಅದಕ್ಕೇ ಒಳ್ಳೆ ಗೋಲ್‌ಕೀಪರ್‌ಗಳು ತಡವಾಗಿ ಮಾಗ್ತಾರೆ, ಹೆಚ್ಚು ಕಾಲ ಉಳೀತಾರೆ. ಸ್ಪೇನ್‌ನ ಲಾರಾ ಎಸ್ತೆರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದರು, 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

ಇನ್ನೊಂದು, ಬಾಯಿ. ಇಡೀ ಆಟ ಎದುರಿಗೆ ಕಾಣೋದು ಗೋಲ್‌ಕೀಪರ್‌ಗೆ ಮಾತ್ರ. ಯಾರು ಹಿಂದೆ ಸರೀಬೇಕು, ಯಾವ ಕೈಗೆ ಅಡ್ಡ ಹೋಗಬೇಕು ಅಂತ ಕೂಗಿ ಹೇಳಲೇಬೇಕು. ನಾಚಿಕೆ ಸ್ವಭಾವದ ಹುಡುಗಿಯರಿಗೆ ಇದೇ ಕಾಲಿಗಿಂತ ಕಷ್ಟ.

ಫಿಸಿಯೋ: ಮೊಣಕಾಲಿನ ಒಳಭಾಗ, ತೊಡೆಸಂದು, ಭುಜ, ಬೆರಳು ಇಷ್ಟೂ ಸವೆಯೋ ಜಾಗಗಳೇ. ಸೊಂಟದ ಕೀಲು ಸಡಿಲವಾಗಿದ್ದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆಯಾಗುತ್ತೆ, ಆ ವ್ಯಾಯಾಮ ಈಗಲೇ ಶುರುವಾಗಲಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಮುಖಕ್ಕೋ ತಲೆಗೋ ಚೆಂಡು ಬಡಿದು ತಲೆ ಸುತ್ತಿದರೆ ಅವತ್ತು ಆಟ ಮುಗೀತು, ವೈದ್ಯರು ಒಪ್ಪೋವರೆಗೆ ನೀರಿಗಿಳಿಯೋದು ಬೇಡ. ಚಿಕ್ಕ ವಯಸ್ಸಿನವರು 'ಏನೂ ಆಗಿಲ್ಲ' ಅಂತಾನೇ ಹೇಳ್ತಾರೆ, ನಂಬಬೇಡಿ.

ಯುರೋಪಿನ ಲೀಗ್‌ನಲ್ಲಿ ಆಡಿದವಳು: ದುಡ್ಡಿನ ವಿಷಯ ಬಿಚ್ಚಿ ಹೇಳ್ತೀನಿ. ಸ್ಪೇನ್, ಇಟಲಿ, ಗ್ರೀಸ್, ಹಂಗೇರಿಯಲ್ಲಿ ಸಂಬಳ ಕೊಡೋ ಕ್ಲಬ್‌ಗಳಿವೆ. ನನಗೆ ಸಿಕ್ಕಿದ್ದು ಇರೋಕೆ ಮನೆ ಮತ್ತು ತಿಂಗಳ ಖರ್ಚು, ಉಳಿತಾಯ ಅಂತ ಏನೂ ಆಗಲಿಲ್ಲ. ಹಾಗಂತ ಆ ವರ್ಷಗಳನ್ನ ಯಾವುದಕ್ಕೂ ಕೊಡಲ್ಲ. ಓದು ಮಾತ್ರ ಬಿಡಿಸಬೇಡಿ. ಅಮೆರಿಕದ ಗೋಲ್‌ಕೀಪರ್ ಆಶ್ಲೀ ಜಾನ್ಸನ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದ್ತಾ ಇದ್ದಾಗಲೇ 2016ರ ರಿಯೊ ಒಲಿಂಪಿಕ್ಸ್ ಚಿನ್ನ ಗೆದ್ದವರು, ಟೋಕಿಯೊದಲ್ಲಿ ಮತ್ತೊಂದು.

ಕೋಚ್: ಮೇಲಿನವರು ಹೇಳದ ಒಂದು ಕಹಿ ಮಾತಿದೆ. ತಂಡದಲ್ಲಿ ಗೋಲ್‌ಕೀಪರ್ ಹಾಕೋ ಕೆಂಪು ಟೋಪಿ ಎರಡು, ನೀರಲ್ಲಿ ಜಾಗ ಒಂದೇ. ಬೇರೆ ಆಟಗಾರ್ತಿಯರು ಆಟದುದ್ದಕ್ಕೂ ಹೊರಗೆ ಒಳಗೆ ಬದಲಾಗ್ತಾರೆ, ಎರಡನೇ ಗೋಲ್‌ಕೀಪರ್ ಮಾತ್ರ ಇಡೀ ಪಂದ್ಯ ಬೆಂಚಲ್ಲೇ ಕೂತಿರಬಹುದು. ಈ ವಯಸ್ಸಿಗೆ ದೊಡ್ಡ ಕ್ಲಬ್‌ನ ಬೆಂಚಿಗಿಂತ ಸಣ್ಣ ಕ್ಲಬ್‌ನ ಗೋಲೇ ವಾಸಿ ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಸೇರಿಸೋ ಮುಂಚೆ ಅಭ್ಯಾಸ ಒಂದು ದಿನ ಕೂತು ನೋಡಿ. ಗೋಲ್‌ಕೀಪರ್‌ಗೆ ಅಂತ ಬೇರೆ ತರಬೇತಿ ಇದೆಯೋ, ಅಥವಾ ಉಳಿದವರ ಶೂಟಿಂಗ್‌ಗೆ ಗುರಿಯಾಗಿ ನಿಲ್ಲಿಸ್ತಾರೋ? ಎರಡನೆಯದಾದರೆ ಬೇರೆ ಕ್ಲಬ್ ಹುಡುಕಿ.

ಕೇಳಿದವರು: ಎಲ್ಲರಿಗೂ ವಂದನೆ. ಈಗಿರೋ ಕಡೆ ಅವಳನ್ನ ಗುರಿಯಾಗಿಯೇ ನಿಲ್ಲಿಸ್ತಾರೆ. ಮೊದಲು ಕೋಚ್ ಹತ್ತಿರ ಮಾತಾಡ್ತೀನಿ.